ಗೋವೈದ್ಯದಿಂದ ನಂದಿನಗರಕ್ಕೆ
(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಪಂಡಿತರು ಗ್ರಂಥಗಳ ಶುದ್ಧಪಾಠವನ್ನು ಹುಡುಕುವಾಗ ‘ಗವೇಷಣೆ’ಯೆಂಬ ಮಾತನ್ನು ಬಳಸುವುದುಂಟು. ಈಗ ಅದಕ್ಕೆ ಸಂಶೋಧನೆಯೆಂದು ಅರ್ಥ. ಆದರೆ ಶಬ್ದವನ್ನು ಬಿಡಿಸಿ ನೋಡಿದರೆ ಅದರೊಳಗೆ ಒಂದು ಆಕಳು ನಿಂತಿರುವುದು ಕಾಣುತ್ತದೆ. ಗೋ ಶಬ್ದಕ್ಕೆ ಏಷಣವು ಸೇರಿ ಗವೇಷಣವಾಯಿತು. ತಪ್ಪಿಸಿಕೊಂಡು ಹೋದ ಹಸುವನ್ನು ಹುಡುಕುವುದೆಂಬುದೇ ಅದರ ಮೂಲಾರ್ಥವು. ವಿದ್ವಾಂಸರು ಕೂಡುವ ಗೋಷ್ಠಿಯೂ ಹಾಗೆಯೇ ದನದ ಹಟ್ಟಿಯೆಂದು ಅರ್ಥವಾಗುವ ಗೋಷ್ಠದಿಂದ ಹುಟ್ಟಿದುದು. ಕನ್ನಡದಲ್ಲಿ ದನವೆಂಬುದು ಧನದ ತದ್ಭವವು. ಬಸವನೆಂಬ ಹೆಸರು ವೃಷಭದ ತದ್ಭವವೆಂಬುದನ್ನು ಈ ಸಭೆಯಲ್ಲಿ ಹೇಳಬೇಕಾದುದೇ ಇಲ್ಲ. ವಿದ್ಯೆಯ ಮಾತುಗಳೂ ಸಂಪತ್ತಿನ ಮಾತುಗಳೂ ಹೀಗೆ ಹಟ್ಟಿಯಿಂದಲೇ ಹೊರಟು ಬಂದಿದ್ದರೂ, ವ್ಯಾಕರಣ ತರ್ಕ ವೇದಾಂತಗಳಿಗೆ ಪಾಠಶಾಲೆಗಳಲ್ಲಿ ದೊರೆತ ಮನ್ನಣೆಯು ಹಟ್ಟಿಯ ವಿದ್ಯೆಗೆ ದೊರೆಯಲಿಲ್ಲ. ದನ ಕಾಯುವವನು ಓದದವನೆಂದೂ, ಓದದವನು ದನ ಕಾಯುವುದಕ್ಕೆ ತಕ್ಕವನೆಂದೂ ಗಾದೆಯಂತೆ ಆಡುವವರು ಈಗಲೂ ಇದ್ದಾರೆ. ಶಾಲೆಯಲ್ಲಿ ತಪ್ಪಿದ ಹುಡುಗನಿಗೆ ‘ದನ ಕಾಯೋದಕ್ಕೆ ಹೋಗು’ ಎಂದು ಗದರಿಸುವ ಗುರುಗಳು ಶಿವಭಕ್ತರ ಮಕ್ಕಳಲ್ಲಿಯೂ ಕಡಿಮೆಯಿಲ್ಲ. ಶರಣಧರ್ಮಕ್ಕೆ ಇದಕ್ಕಿಂತ ವಿರುದ್ಧವಾದ ಮಾತು ಇನ್ನೊಂದಿರಲಾರದು.

ಈ ದಿನದ ಉಪನ್ಯಾಸಕ್ಕೆ ವಿಷಯವಾದುದು ದನ ಕಾಯುವ ವಿದ್ಯೆಗೆಂದೇ ಏರ್ಪಟ್ಟಿರುವ ಒಂದು ವಿಶ್ವವಿದ್ಯಾಲಯವು. ಅದು ಬೀದರ ಪಟ್ಟಣದ ಹೊರವಲಯದಲ್ಲಿದೆ. ಅದರ ಆವರಣಕ್ಕೆ ನಂದಿನಗರವೆಂದು ಹೆಸರು. ೧೯೮೫ರಲ್ಲಿ ಬೀದರಿನಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಬಹುಕಾಲ ಅದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಒಂದು ಅಂಗವಾಗಿದ್ದಿತು. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೫೮ರಲ್ಲಿ ಹುಟ್ಟಿದ ಪಶುವೈದ್ಯ ಕಾಲೇಜೂ, ಮಂಗಳೂರಿನಲ್ಲಿ ೧೯೬೯ರಲ್ಲಿ ಪ್ರಾರಂಭವಾದ ಮೀನುಗಾರಿಕೆಯ ಕಾಲೇಜೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದವು. ಇವನ್ನೆಲ್ಲ ಒಂದುಗೂಡಿಸಿ, ಪಶುವೈದ್ಯ, ಪಶು ಮತ್ತು ಮೀನುಗಾರಿಕೆಯ ವಿಜ್ಞಾನಗಳಿಗಾಗಿಯೇ ಕರ್ನಾಟಕದಲ್ಲಿ ಪ್ರತ್ಯೇಕವಾದ ವಿಶ್ವವಿದ್ಯಾಲಯವನ್ನು ೨೦೦೪ರ ಕಾಯಿದೆಯಿಂದ ನಿರ್ಮಿಸಿದರು. ಅದರ ಕೇಂದ್ರಸ್ಥಾನವು ರಾಜಧಾನಿಯಲ್ಲಾಗಲಿ ದೊಡ್ಡ ವ್ಯಾಪಾರದ ಪಟ್ಟಣದಲ್ಲಾಗಲಿ ಏರ್ಪಡದೆ, ನಾಡಿನ ಉತ್ತರದ ತುದಿಯಲ್ಲಿ, ತೊಗರಿ ಉದ್ದು ಹೆಸರು ಜೋಳಗಳನ್ನು ಬೆಳೆಯುವ ಒಕ್ಕಲುತನದ ಸೀಮೆಯಲ್ಲಿ ಏರ್ಪಟ್ಟಿತು. ರೋಗಿಯ ಮನೆಯ ಮುಂದೆಯೇ ವೈದ್ಯನ ಮನೆಯಿರುವುದು ಒಳ್ಳೆಯದು. ಆದರೆ ಬೀದರ ಸೀಮೆಗೆ ಈ ವಿದ್ಯೆಯು ಹೊಸದಾಗಿ ಬಂದುದಲ್ಲ, ಒಂಬತ್ತು ನೂರು ವರ್ಷಗಳ ಮೇಲೆ ತಿರುಗಿ ಬಂದುದೆಂದು ಹೇಳುವುದಕ್ಕೆ ಆಧಾರವುಂಟು.

ಆ ಆಧಾರವು ‘ಗೋವೈದ್ಯ’ವೆಂಬ ಕನ್ನಡ ಗ್ರಂಥವು. ಅದನ್ನು ರಚಿಸಿದವನು ಕೀರ್ತಿವರ್ಮನು. ಇವನು ಚಾಲುಕ್ಯ ವಂಶದ ರಾಜಪುತ್ರನು. ತ್ರೈಲೋಕ್ಯಮಲ್ಲನ ಮಗನು, ಆರನೆಯ ವಿಕ್ರಮಾದಿತ್ಯನ ತಮ್ಮನು. ಆ ಅರಸರ ರಾಜಧಾನಿಯು ಕಲ್ಯಾಣವು. ಕಲ್ಯಾಣವಿರುವುದು ಇಂದಿನ ಬೀದರ ಜಿಲ್ಲೆಯಲ್ಲಿ. ಹನ್ನೆರಡನೆಯ ಶತಮಾನದ ಆರಂಭದಲ್ಲಿ, ಎಂದರೆ ಬಸವಣ್ಣನವರು ಕಲ್ಯಾಣಕ್ಕೆ ಬರುವುದಕ್ಕೆ ಕೆಲವು ದಶಕಗಳ ಮುಂಚೆ, ಅರಮನೆಯಲ್ಲಿ ಹುಟ್ಟಿದವನೊಬ್ಬನು ದನಗಳ ರೋಗಗಳಿಗೆ ಮದ್ದನ್ನು ಕನ್ನಡದಲ್ಲಿ ಬರೆದಿಟ್ಟನು. ಅವನು ಜೈನನಾಗಿದ್ದನು, ಶಿವಭಕ್ತರ ಸಭೆಯಲ್ಲಿ ಇದನ್ನು ಮರೆಮಾಡಬೇಕಾದ ಕಾರಣವಿಲ್ಲ, ರೋಗಕ್ಕೆ ಮತಭೇದವಿಲ್ಲವಷ್ಟೆ. ಗ್ರಂಥದಲ್ಲಿ ಒಂದು ಪಾಲು ಔಷಧವೂ ಒಂದು ಪಾಲು ಮಂತ್ರತಂತ್ರವೂ ಬೆರೆತಿವೆ. ಅದು ಆ ಕಾಲದ ರೀತಿಯು. ಅದಕ್ಕೂ ಮೊದಲು ೧೦೨೫ರ ಸುಮಾರಿಗೆ ಅದೇ ಚಾಲುಕ್ಯರ ಆಶ್ರಯದಲ್ಲಿ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿದ್ದನು, ಬಾವಿಗೆ ನೀರಿನ ಸೆಲೆಯನ್ನು ಕಾಣುವ ಬಗೆ, ಗಿಡಮರಗಳ ವೈದ್ಯ, ಅಡಿಗೆಯ ವಿಧಾನ ಮುಂತಾಗಿ ಗೃಹಸ್ಥನಿಗೆ ಬೇಕಾದ ನಾನಾ ವಿಷಯಗಳು ಅದರಲ್ಲಿ ಅಡಕವಾಗಿವೆ. ಸಂಸ್ಕೃತದಲ್ಲಿ ಕುದುರೆಗೆ ಶಾಲಿಹೋತ್ರನ ಶಾಸ್ತ್ರವೂ ಆನೆಗೆ ಪಾಲಕಾಪ್ಯನ ಶಾಸ್ತ್ರವೂ ಪ್ರಸಿದ್ಧವಾಗಿದ್ದವು. ಅವು ಹೆಚ್ಚಾಗಿ ಅರಸರ ಲಾಯಕ್ಕೂ ಸೇನೆಗೂ ಬೇಕಾದವು. ಒಕ್ಕಲಿಗನ ಎತ್ತಿಗೂ ಆಕಳಿಗೂ, ಒಕ್ಕಲಿಗನಾಡುವ ಭಾಷೆಯಲ್ಲಿಯೇ ಒಂದು ವೈದ್ಯಗ್ರಂಥವು ಇಷ್ಟು ಹಿಂದೆ ಹುಟ್ಟಿತೆಂಬುದು ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿ. ದುಃಖದ ಸಂಗತಿಯೆಂದರೆ, ಕಾವ್ಯಗಳನ್ನು ಓದುವ ನೂರು ಜನರಲ್ಲಿ ಒಬ್ಬನೂ ಅದರ ಹೆಸರನ್ನು ಕೇಳಿರುವುದಿಲ್ಲ.

ಕೀರ್ತಿವರ್ಮನು ಅರಮನೆಯಿಂದ ಹಟ್ಟಿಯ ಕಡೆಗೆ ನೋಡಿದನು. ಶರಣರಾದರೋ ಹಟ್ಟಿಯಿಂದಲೇ ಬಂದು ಅನುಭವಮಂಟಪದಲ್ಲಿ ಕುಳಿತರು. ತುರುಗಾಹಿ ರಾಮಣ್ಣನ ಕಾಯಕವು ದನ ಕಾಯುವುದು. ಅವನ ವಚನಗಳ ಅಂಕಿತವು ಗೋಪತಿನಾಥ ವಿಶ್ವೇಶ್ವರಲಿಂಗ. ಒಕ್ಕಲಿಗ ಮುದ್ದಣ್ಣನ ಕಾಯಕವು ಉಳುವುದು. ಅವನ ಅಂಕಿತವು ಕಾಮಭೀಮ ಜೀವಧನದೊಡೆಯ. ಅಂಕಿತದಲ್ಲಿರುವ ‘ಜೀವಧನ’ವೆಂಬ ಶಬ್ದವನ್ನು ಇಂದಿನ ಸರಕಾರದ ಕಾಗದಪತ್ರಗಳಲ್ಲಿ ಬರುವ ‘ಜಾನುವಾರು ಸಂಪತ್ತು’ ಎಂಬುದರ ಪಕ್ಕದಲ್ಲಿ ಇಟ್ಟು ನೋಡಬೇಕು. ಹೇಳುವುದು ಎರಡೂ ಒಂದನ್ನೇ. ಆದರೆ ಒಂದರಲ್ಲಿ ಜೀವವು ಮುಂದೆ ನಿಂತಿದೆ, ಇನ್ನೊಂದರಲ್ಲಿ ಲೆಕ್ಕವು ಮುಂದೆ ನಿಂತಿದೆ. ಮುದ್ದಣ್ಣನು ತನ್ನ ಲಿಂಗವನ್ನು ಕರೆಯುವಾಗಲೂ ಕೊಟ್ಟಿಗೆಯನ್ನು ಮರೆಯಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಬೆವರಿನ ಕೆಲಸವು ಅರಿವಿಗೆ ಅಡ್ಡಿಯೆಂದು ತಿಳಿದಿದ್ದ ಲೋಕಕ್ಕೆ, ಆ ಕೆಲಸವೇ ಅರಿವಿನ ದಾರಿಯೆಂದು ಇವರು ತೋರಿಸಿದರು.

ಹೀಗಿದ್ದರೂ ಕಾಯಕದ ಮೇಲಿನ ಭಕ್ತಿಯೊಂದೇ ದನಗಳನ್ನು ಉಳಿಸಲಾರದು. ಇದಕ್ಕೆ ಒಂದು ರೋಗದ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಈಗಿನ ಎಳೆಯರು ಅದರ ಹೆಸರನ್ನೂ ಕೇಳಿರಲಾರರು.

ಅದನ್ನು ಹಿರಿಯರು ದೊಡ್ಡರೋಗವೆಂದು ಕರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ರಿಂಡರ್‌ಪೆಸ್ಟ್ ಎಂದು ಹೆಸರು. ದನಕ್ಕೆ ಮೊದಲು ಜ್ವರವು ಏರುವುದು, ಕಣ್ಣು ಮೂಗುಗಳಿಂದ ನೀರು ಸುರಿಯುವುದು, ಬಾಯೊಳಗೆ ಹುಣ್ಣಾಗುವುದು, ಅನಂತರ ತಡೆಯಿಲ್ಲದೆ ಭೇದಿಯಾಗಿ, ಒಂದೆರಡು ವಾರದೊಳಗೆ ದನವು ನೆಲ ಹಿಡಿಯುವುದು. ಒಂದು ದನಕ್ಕೆ ತಗಲಿದರೆ ಹಟ್ಟಿಗೂ, ಒಂದು ಹಟ್ಟಿಗೆ ತಗಲಿದರೆ ಊರಿಗೂ ಹರಡುವುದು. ಊರಿನ ಎತ್ತುಗಳೆಲ್ಲ ಸತ್ತ ಮೇಲೆ ಬಿತ್ತುವುದೆಲ್ಲಿಯದು, ಬೆಳೆಯೆಲ್ಲಿಯದು? ಮಳೆಯಾಗಿದ್ದರೂ ಬರವು ಬರುತ್ತಿದ್ದಿತು. ಇದು ಈ ದೇಶದ ಕಥೆ ಮಾತ್ರವಲ್ಲ. ಆಫ್ರಿಕದ ಇಥಿಯೋಪಿಯದಲ್ಲಿ ೧೮೮೮ರಲ್ಲಿ ಆರಂಭವಾಗಿ ಕೆಲವು ವರ್ಷ ನಡೆದ ಮಹಾಕ್ಷಾಮಕ್ಕೆ ಈ ರೋಗವೇ ಮುಖ್ಯ ಕಾರಣವಾಗಿದ್ದಿತು. ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿ ಕ್ಲಾಡ್ ಬೂರ್ಜೆಲಾ ಎಂಬವನು ೧೭೬೧ರಲ್ಲಿ ಪಶುವೈದ್ಯದ ಶಾಲೆಯನ್ನು ಸ್ಥಾಪಿಸಲು ಅಪ್ಪಣೆ ಪಡೆದುದೂ ದನಗಳ ಈ ಮಾರಿಯ ಕಾಟದಿಂದಲೇ. ಯುರೋಪಿನಲ್ಲಿ ಅಂಥ ಶಾಲೆಗಳಿಗೆಲ್ಲ ಅದೇ ಮೊದಲನೆಯದು.

ರೋಗವು ಬಂದಾಗ ಹಳ್ಳಿಗಳಲ್ಲಿ ಏನು ಮಾಡುತ್ತಿದ್ದರು? ಊರಮ್ಮನಿಗೆ ಹರಕೆ ಹೊರುತ್ತಿದ್ದರು. ಗಡಿಯವರೆಗೆ ಮಾರಿಯನ್ನು ಸಾಗಿಸಿ ಪಕ್ಕದ ಊರಿನ ಎಲ್ಲೆಗೆ ಬಿಟ್ಟು ಬರುತ್ತಿದ್ದರು. ಸಾಯುತ್ತಿರುವ ದನಗಳನ್ನು ಉಳಿಸುವುದಕ್ಕೆಂದು ಬದುಕಿದ್ದ ಕೋಣವನ್ನು ಕಡಿಯುತ್ತಿದ್ದರು. ಶರಣರು ಇಂಥ ಬಲಿಗಳನ್ನೂ ಕ್ಷುದ್ರದೈವಗಳನ್ನೂ ಖಂಡಿಸಿ ಏಳೆಂಟು ನೂರು ವರ್ಷಗಳಾಗಿದ್ದವು. ಆದರೂ ಲಿಂಗವನ್ನು ಧರಿಸಿದವರ ಮನೆಗಳಿಂದಲೂ ಮಾರಿಗೆ ಎಡೆ ಹೋಗುತ್ತಿದ್ದುದನ್ನು ಅಲ್ಲಗಳೆಯಲಾಗದು. ಅವರನ್ನು ಬೈದು ಪ್ರಯೋಜನವಿಲ್ಲ. ಕೊಟ್ಟಿಗೆಯಲ್ಲಿ ಎಂಟು ಎತ್ತು ಸಾಯುತ್ತಿರುವಾಗ, ಬೇರೊಂದು ಉಪಾಯವನ್ನು ಕೈಗೆ ಕೊಡದೆ ‘ಇದು ಮೂಢನಂಬಿಕೆ’ ಎಂದು ಉಪದೇಶಿಸಿದರೆ ಯಾರು ಕೇಳಿಯಾರು?

ಉಪಾಯವು ನಿಧಾನವಾಗಿ ಬಂದಿತು. ಹಿಮಾಲಯದ ಮುಕ್ತೇಶ್ವರದಲ್ಲಿದ್ದ ಪ್ರಯೋಗಶಾಲೆಯಲ್ಲಿ ಎಡ್ವರ್ಡ್ಸ್ ಎಂಬ ವಿದ್ವಾಂಸನು ೧೯೨೦ರ ದಶಕದಲ್ಲಿ ರೋಗದ ವಿಷಾಣುವನ್ನು ಆಡುಗಳ ಮೈಯಲ್ಲಿ ಒಂದರಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ದಾಟಿಸಿದನು. ಹಾಗೆ ದಾಟಿ ದಾಟಿ ಅದರ ಕಸುವು ಕುಗ್ಗಿತು. ದನವನ್ನು ಕೊಲ್ಲುವ ಬಲವು ಹೋಗಿ, ದನದ ರಕ್ತಕ್ಕೆ ಎಚ್ಚರಿಕೆಯನ್ನು ಕಲಿಸುವ ಬಲವು ಉಳಿಯಿತು. ಲಸಿಕೆಯ ಗುಟ್ಟೆಲ್ಲ ಇಷ್ಟೆ. ಮೈಸೂರು ಸಂಸ್ಥಾನದವರೂ ಈ ರೋಗದ ಹಾವಳಿಗಾಗಿಯೇ ೧೯೨೬ರಲ್ಲಿ ಹೆಬ್ಬಾಳದಲ್ಲಿ ಸೀರಮ್ ಸಂಸ್ಥೆಯನ್ನು ಏರ್ಪಡಿಸಿದರು. ಅದು ಬೆಳೆದು ಇಂದು ನಂದಿನಗರದ ವಿಶ್ವವಿದ್ಯಾಲಯಕ್ಕೆ ಸೇರಿದೆ. ೧೯೫೪ರಲ್ಲಿ ಭಾರತ ಸರಕಾರವು ರೋಗವನ್ನು ಬೇರುಸಹಿತ ಕೀಳುವ ಯೋಜನೆಯನ್ನು ಕೈಕೊಂಡಿತು. ೧೯೬೦ರ ಸುಮಾರಿಗೆ ಪ್ಲೋರೈಟ್ ಎಂಬವನು ಆಫ್ರಿಕದ ಕೆನ್ಯದಲ್ಲಿ ಇನ್ನೂ ನಿರಪಾಯವಾದ ಲಸಿಕೆಯನ್ನು ಸಿದ್ಧಪಡಿಸಿದನು. ಮಂಜುಗಡ್ಡೆಯ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಟ್ಟಿಯಿಂದ ಹಟ್ಟಿಗೆ ತಿರುಗಿದ ಸಾಮಾನ್ಯ ಪಶುವೈದ್ಯರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ಭಾರತದಲ್ಲಿ ೧೯೯೫ರ ತರುವಾಯ ಆ ರೋಗವು ಕಾಣಿಸಿಕೊಳ್ಳಲಿಲ್ಲ. ೨೦೦೬ರಲ್ಲಿ ದೇಶವು ಅದರಿಂದ ಮುಕ್ತವಾಯಿತೆಂದು ಸಾರಲ್ಪಟ್ಟಿತು. ೨೦೧೧ರಲ್ಲಿ ಇಡೀ ಭೂಮಂಡಲದಿಂದಲೇ ಅದು ಅಳಿದುಹೋಯಿತೆಂದು ಘೋಷಣೆಯಾಯಿತು. ಮನುಷ್ಯರ ಸಿಡುಬಿನ ತರುವಾಯ ಮಾನವನು ನಿರ್ಮೂಲಮಾಡಿದ ರೋಗವು ಇದೊಂದೇ. ಇಷ್ಟು ದೊಡ್ಡ ಸಂಗತಿಯು ನಡೆದ ದಿನ ಹಳ್ಳಿಗಳಲ್ಲಿ ಒಂದು ತೆಂಗಿನಕಾಯಿಯನ್ನೂ ಒಡೆಯಲಿಲ್ಲ.

ಆದರೆ ಮಾರಿಯ ಅಕ್ಕತಂಗಿಯರು ಇನ್ನೂ ಇದ್ದಾರೆ. ೨೦೧೯ರಲ್ಲಿ ಒಡಿಶಾ ಸೀಮೆಯಲ್ಲಿ ಮೊದಲು ಕಂಡ ಚರ್ಮಗಂಟು ರೋಗವು ೨೦೨೨ರಲ್ಲಿ ಕರ್ನಾಟಕವನ್ನೂ ಸೇರಿಸಿ ಅನೇಕ ಪ್ರಾಂತಗಳಲ್ಲಿ ದನಗಳನ್ನು ಬಲಿತೆಗೆದುಕೊಂಡುದನ್ನು ಈ ಸಭೆಯಲ್ಲಿರುವ ಬಹುಜನರು ಕಣ್ಣಾರೆ ಕಂಡಿರಬೇಕು. ಕಾಲುಬಾಯಿ ಬೇನೆಯನ್ನು ಲಸಿಕೆಯಿಂದ ಹತ್ತಿಕ್ಕಿ, ೨೦೩೦ರೊಳಗೆ ನಿರ್ಮೂಲಮಾಡಬೇಕೆಂಬ ಗುರಿಯನ್ನು ಇಟ್ಟುಕೊಂಡು ೨೦೧೯ರಲ್ಲಿ ಕೇಂದ್ರ ಸರಕಾರವು ಒಂದು ಕಾರ್ಯಕ್ರಮವನ್ನು ಆರಂಭಿಸಿದೆ. ಲಸಿಕೆ ಹಾಕಿಸಿದರೆ ಆಕಳ ಹಾಲು ಬತ್ತುವುದೆಂದು ಹಿಂದೆಗೆಯುವ ಗೃಹಸ್ಥರುಂಟು. ಒಂದೆರಡು ದಿನ ಹಾಲು ತುಸು ಕಡಿಮೆಯಾಗಬಹುದು. ಬೇನೆಯೇ ಬಂದರೆ ಆ ಸೂಲಿನ ಹಾಲೆಲ್ಲವೂ ಹೋಗಬಹುದು. ಈ ಲೆಕ್ಕವನ್ನು ತಾಯಂದಿರು ಬೇಗ ತಿಳಿಯುವರು, ಯಜಮಾನರು ತಡವಾಗಿ ತಿಳಿಯುವರು.

ಇನ್ನು ನಂದಿನಗರದಂಥ ವಿದ್ಯಾಲಯಗಳಲ್ಲಿ ಏನನ್ನು ಕಲಿಸುವರು, ಒಕ್ಕಲಿಗನಿಗೆ ಗೊತ್ತಿಲ್ಲದುದನ್ನು ಅವರೇನು ಕಲಿಸಬಲ್ಲರು ಎಂಬ ಪ್ರಶ್ನೆಯುಂಟು. ಪದವಿಯ ವ್ಯಾಸಂಗವು ಐದೂವರೆ ವರ್ಷದ್ದು. ಕಡೆಯ ಒಂದು ವರ್ಷವೆಲ್ಲ ಚಿಕಿತ್ಸೆಯ ಪ್ರತ್ಯಕ್ಷ ಅಭ್ಯಾಸವು. ವಿದ್ಯಾರ್ಥಿಯು ಮೂಳೆ ನರಗಳ ರಚನೆಯಿಂದ ತೊಡಗಿ ಮೇವು, ತಳಿ, ಸೂತಿಕೆ, ಶಸ್ತ್ರಚಿಕಿತ್ಸೆಗಳವರೆಗೆ ಓದುತ್ತಾನೆ. ಮನುಷ್ಯವೈದ್ಯನಿಗೆ ಒಂದೇ ಶರೀರವು. ಪಶುವೈದ್ಯನು ಆಕಳು, ಎಮ್ಮೆ, ಕುರಿ, ನಾಯಿ, ಕೋಳಿಗಳೆಂದು ಅನೇಕ ಶರೀರಗಳನ್ನು ಅರಿಯಬೇಕು. ರೋಗಿಯು ತನ್ನ ನೋವನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ.

ಒಕ್ಕಲಿಗನ ತಿಳಿವಳಿಕೆಗೂ ವಿದ್ಯಾಲಯದ ತಿಳಿವಳಿಕೆಗೂ ಇರುವ ಸಂಬಂಧವನ್ನು ಒಂದು ದೃಷ್ಟಾಂತದಿಂದ ತೋರಿಸಬಹುದು. ಎಳೆಯ ಜೋಳದ ಹೊಲಕ್ಕೆ ದನವನ್ನು ಬಿಡಬಾರದೆಂದು ಬಯಲುಸೀಮೆಯ ಪ್ರತಿಯೊಬ್ಬ ರೈತನೂ ಬಲ್ಲನು. ಮೊಣಕಾಲೆತ್ತರದ ಪೈರನ್ನು, ಅದರಲ್ಲಿಯೂ ಮಳೆಯಿಲ್ಲದೆ ಬಾಡಿದ ಪೈರನ್ನು ಅಥವಾ ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆಯನ್ನು ಮೇಯ್ದ ದನವು ಹೊಟ್ಟೆಯುಬ್ಬಿ ತೇಗುಸಿರು ಬಿಟ್ಟು ಗಳಿಗೆಯೊಳಗೆ ಬೀಳುವುದನ್ನು ಅವನು ಕಂಡಿರುತ್ತಾನೆ. ದೃಷ್ಟಿಯೆಂದೋ ಗಾಳಿಯೆಂದೋ ಕೆಲವರು ಹೇಳುವುದುಂಟು. ವಿದ್ಯಾಲಯವು ಹೇಳುವುದು ಇದು: ಎಳೆಯ ಜೋಳದಲ್ಲಿ ಧುರಿನ್ ಎಂಬ ಪದಾರ್ಥವಿದೆ, ದನವು ಅದನ್ನು ಅಗಿದು ನುಂಗಿದಾಗ ಅದರಿಂದ ಹೈಡ್ರೊಸಯನಿಕ್ ಆಮ್ಲವೆಂಬ ಘೋರವಿಷವು ಬಿಡುಗಡೆಯಾಗುತ್ತದೆ, ರಕ್ತದಲ್ಲಿ ಪ್ರಾಣವಾಯು ತುಂಬಿದ್ದರೂ ಅದನ್ನು ಬಳಸಿಕೊಳ್ಳುವ ಶಕ್ತಿಯು ಶರೀರಕ್ಕೆ ತಪ್ಪಿಹೋಗುತ್ತದೆ, ಆದುದರಿಂದಲೇ ಸತ್ತ ದನದ ರಕ್ತವು ಕಪ್ಪಾಗದೆ ಕೆಂಪಾಗಿಯೇ ಇರುತ್ತದೆ. ಸೋಡಿಯಂ ಥಯೋಸಲ್ಫೇಟನ್ನು ತಕ್ಕ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರೆ, ಸಾಯುವುದರಲ್ಲಿದ್ದ ದನವು ಎದ್ದು ನಿಲ್ಲುವುದೂ ಉಂಟು. ಮೇವನ್ನು ಚೆನ್ನಾಗಿ ಒಣಗಿಸಿದರೆ ವಿಷವು ಇಳಿಯುತ್ತದೆ. ರೈತನಿಗೆ ಏನಾಗುವುದೆಂದು ಗೊತ್ತಿತ್ತು. ಏತಕ್ಕೆ ಆಗುವುದೆಂಬುದು ಗೊತ್ತಿರಲಿಲ್ಲ. ಆ ‘ಏತಕ್ಕೆ’ಯೊಳಗಿಂದಲೇ ಮದ್ದು ಹೊರಟಿತು.

ಬರಗಾಲದ ಮೇವಿನ ವಿಷಯವೂ ಹಾಗೆಯೇ. ಒಣಹುಲ್ಲನ್ನಷ್ಟೇ ತಿಂದ ದನವು ಹೊಟ್ಟೆ ತುಂಬಿದ್ದರೂ ಬಡಕಲಾಗುವುದೇಕೆ? ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಮೊದಲನೆಯ ದೊಡ್ಡ ಕೋಣೆಯಲ್ಲಿ ಎಣಿಕೆಗೆ ಸಿಕ್ಕದಷ್ಟು ಸೂಕ್ಷ್ಮಜೀವಿಗಳು ವಾಸಮಾಡಿ ಹುಲ್ಲನ್ನು ಕೊಳೆಸಿ ಅರಗಿಸುತ್ತವೆ. ದನವನ್ನು ಸಾಕುವುದೆಂದರೆ ಮೊದಲು ಆ ಜೀವಿಗಳನ್ನು ಸಾಕುವುದು. ಒಣಹುಲ್ಲಿನಲ್ಲಿ ಅವಕ್ಕೆ ಬೇಕಾದ ಸಾರಜನಕವು ಸಾಲದು. ನೂರು ಕಿಲೋ ಹುಲ್ಲಿಗೆ ೪ ಕಿಲೋ ಯೂರಿಯಾವನ್ನು ಸುಮಾರು ೫೦ ಲೀಟರ್ ನೀರಿನಲ್ಲಿ ಪೂರ್ಣವಾಗಿ ಕರಗಿಸಿ, ಪದರಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಹುಲ್ಲು ಮೆತ್ತಗಾಗಿ ಸಾರವು ಹೆಚ್ಚುತ್ತದೆ. ತೆಗೆದು ಗಾಳಿಗೆ ಆರಿಸಿದ ಮೇಲೆಯೇ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಹಾಕಲೇಬಾರದು. ಯೂರಿಯಾದ ನೀರನ್ನು ದನವು ಕುಡಿಯುವಂತೆ ಬಿಟ್ಟರೆ ಅದೇ ವಿಷವಾಗುವುದು. ಕ್ರಮವನ್ನು ತಿಳಿದವನಿಗೆ ಇದು ಮೇವು, ತಿಳಿಯದವನಿಗೆ ಹತ್ಯೆ.

ಇಷ್ಟೆಲ್ಲ ಉಪಕಾರವನ್ನು ಒಪ್ಪಿದ ಮೇಲೆ, ಈ ವಿದ್ಯೆಯ ನಡೆಯಲ್ಲಿ ಕಂಡ ಎರಡು ಕೊರತೆಗಳನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಕೇವಲ ಹೊಗಳಿಕೆಗೆ ಈ ಪೀಠವು ಸ್ಥಳವಲ್ಲ.

ಒಂದನೆಯದು ತಳಿಯ ವಿಷಯವು. ಬೀದರ ಸೀಮೆಯ ದನವು ದೇವಣಿ. ಇಂದು ಲಾತೂರ ಜಿಲ್ಲೆಯಲ್ಲಿರುವ ದೇವಣಿಯ ಹೆಸರು ಅದಕ್ಕೆ ಬಂದಿದೆ. ಆ ಉದಗೀರ ಪ್ರಾಂತವು ೧೯೫೬ಕ್ಕೆ ಮುಂಚೆ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಗೇ ಸೇರಿದ್ದಿತು. ಬಿಳಿಯ ಮೈ, ಅದರ ಮೇಲೆ ಕರಿಯ ಮಚ್ಚೆ. ಮಚ್ಚೆಗಳ ಬಗೆಯನ್ನು ನೋಡಿ ವಾನ್ನೇರಾ, ಬಾಳಂಕ್ಯಾ, ಶೇವೇರಾ ಎಂದು ಗುರುತಿಸುವರು. ಹಾಲಿಗೂ ಆದೀತು, ನೇಗಿಲಿಗೂ ಆದೀತು. ಬಿಸಿಲನ್ನು ತಡೆಯುವುದು, ಕಣಿಕೆಯ ಮೇಲೆ ಬದುಕುವುದು. ದಕ್ಷಿಣದಲ್ಲಿ ಹಳ್ಳಿಕಾರ್, ಅಮೃತಮಹಲ್, ಪಶ್ಚಿಮದಲ್ಲಿ ಖಿಲಾರಿ, ಕೃಷ್ಣಾ ಕಣಿವೆಯ ದನ, ಮಲೆನಾಡಿನಲ್ಲಿ ಗಿಡ್ಡ, ಹೀಗೆ ಒಂದೊಂದು ಮಣ್ಣಿಗೆ ಒಂದೊಂದು ತಳಿಯನ್ನು ಹಿಂದಿನವರು ತಲೆತಲಾಂತರದಿಂದ ಆರಿಸಿ ಆರಿಸಿ ರೂಪಿಸಿದ್ದರು. ಅಮೃತಮಹಲಂತೂ ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಈಗಿನ ಹೆಸರನ್ನು ಪಡೆದು, ದಂಡಿನ ಫಿರಂಗಿಗಳನ್ನು ಎಳೆದು ಖ್ಯಾತಿಗೊಂಡುದು.

ಸ್ವಾತಂತ್ರ್ಯಾನಂತರ ಹಾಲಿನ ಅವಶ್ಯಕತೆಯು ಹೆಚ್ಚಿದಾಗ ಪಾಶ್ಚಾತ್ಯ ದೇಶಗಳ ಹೋಲ್ಸ್ಟೀನ್, ಜರ್ಸಿ ಹೋರಿಗಳ ವೀರ್ಯದಿಂದ ಮಿಶ್ರತಳಿಯನ್ನು ಬೆಳೆಸುವ ಮಾರ್ಗವನ್ನು ಹಿಡಿದರು. ಹಾಲು ಹೆಚ್ಚಿತೆಂಬುದರಲ್ಲಿ ಸಂಶಯವಿಲ್ಲ. ಭಾರತವು ಜಗತ್ತಿನಲ್ಲಿಯೇ ಅತ್ಯಧಿಕವಾಗಿ ಹಾಲನ್ನು ಉತ್ಪಾದಿಸುವ ದೇಶವಾಗಿದೆ. ೨೦೨೨-೨೩ರಲ್ಲಿ ೨೩ ಕೋಟಿ ಟನ್ನಿಗೂ ಮೀರಿ ಹಾಲು ದೊರೆಯಿತು. ಅನೇಕ ವಿಧವೆಯರು ಎರಡು ಮಿಶ್ರತಳಿಯ ಆಕಳನ್ನು ಕಟ್ಟಿ, ಸಂಘಕ್ಕೆ ಹಾಲು ಹಾಕಿ ಮಕ್ಕಳನ್ನು ಓದಿಸಿದ್ದಾರೆ. ಅವರ ಮುಂದೆ ನಿಂತು ಮಿಶ್ರತಳಿಯನ್ನು ಜರೆಯುವುದು ಹೊಟ್ಟೆ ತುಂಬಿದವರ ಮಾತಾದೀತು. ಆದರೆ ಮಿಶ್ರತಳಿಗೆ ಹಸಿಮೇವು ಬೇಕು, ನೆರಳು ಬೇಕು, ಮದ್ದು ಬೇಕು. ಬೀದರಿನ ಬೇಸಗೆಯಲ್ಲಿ ಅದು ಏದುತ್ತದೆ. ಅದರ ಹೋರಿಕರುವಿಗೆ ನೊಗವು ಕೂಡುವ ಹಿಣಿಲಿಲ್ಲ, ಬಿಸಿಲಲ್ಲಿ ಉಳುವ ತಾಳ್ಮೆಯಿಲ್ಲ; ಆದುದರಿಂದ ಹುಟ್ಟಿದ ದಿನವೇ ಅದು ಬೇಡದ ಜೀವವಾಗುತ್ತದೆ. ಅತ್ತ ಟ್ರಾಕ್ಟರು ಬಂದು ಎತ್ತಿನ ಕೆಲಸವನ್ನು ತೆಗೆದುಕೊಂಡಿತು. ೨೦೧೯ರ ಜಾನುವಾರು ಗಣತಿಯನ್ನು ೨೦೧೨ರ ಗಣತಿಯೊಡನೆ ಹೋಲಿಸಿದರೆ, ದೇಶದಲ್ಲಿ ಹೆಣ್ಣು ದನಗಳು ನೂರಕ್ಕೆ ೧೮ರಷ್ಟು ಹೆಚ್ಚಿವೆ, ಗಂಡು ದನಗಳು ನೂರಕ್ಕೆ ೩೦ರಷ್ಟು ಇಳಿದಿವೆ. ಏಳು ವರ್ಷಗಳಲ್ಲಿ ನೂರು ಬಸವಗಳಲ್ಲಿ ಮೂವತ್ತು ಕಾಣೆಯಾದವೆಂದು ಅರ್ಥ. ಮನೆಯ ಬಾಗಿಲಲ್ಲಿ ಎತ್ತಿಲ್ಲದೆ ಕಾರಹುಣ್ಣಿಮೆಗೆ ಮಣ್ಣೆತ್ತನ್ನಷ್ಟೇ ಪೂಜಿಸುವ ಊರುಗಳು ಹೆಚ್ಚುತ್ತಿವೆ.

ಈಗ ವಿದ್ಯಾಲಯಗಳೇ ದೇಶೀಯ ತಳಿಗಳ ರಕ್ಷಣೆಗೆ ಕೈಹಾಕಿವೆ. ಬೀದರ ಜಿಲ್ಲೆಯಲ್ಲಿಯೇ ದೇವಣಿಗೆಂದು ಪ್ರತ್ಯೇಕ ಸಂಶೋಧನ ಕೇಂದ್ರವಿದೆ. ಬೀದರಿ ಆಡು, ದಕ್ಷಿಣದ ನಂದಿದುರ್ಗ ಆಡುಗಳಂಥ ತಳಿಗಳೂ ಪ್ರತ್ಯೇಕವಾಗಿ ದಾಖಲೆಯಾಗಿವೆ. ಶುದ್ಧವಾದ ಹೋರಿಯ ವೀರ್ಯವನ್ನು ಸಣ್ಣ ಕೊಳವೆಗಳಲ್ಲಿ ತುಂಬಿ, ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟರೆ ಹೋರಿಯು ಸತ್ತ ಎಷ್ಟೋ ವರ್ಷಗಳ ತರುವಾಯವೂ ಕರು ಹುಟ್ಟಬಹುದು. ಇದು ಶ್ಲಾಘ್ಯವಾದ ಕಾರ್ಯವೇ. ಆದರೆ ಕೊಳವೆಯಲ್ಲಿ ಉಳಿದ ತಳಿಯು ಉಳಿದುದಲ್ಲ. ದೇವಣಿಯು ಉಳಿಯಬೇಕಾದುದು ಬೀದರ ಭಾಲ್ಕಿಗಳ ಒಕ್ಕಲಿಗರ ಕೊಟ್ಟಿಗೆಯಲ್ಲಿ. ಅಲ್ಲಿ ಉಳಿಯಬೇಕಾದರೆ ಅದನ್ನು ಕಟ್ಟಿದವನಿಗೆ ನಷ್ಟವಾಗಬಾರದು. ಆ ಲೆಕ್ಕವನ್ನು ಕೂಡಿಸಿಕೊಡುವುದೂ ವಿದ್ಯಾಲಯದ ಕೆಲಸವೇ ಆಗಬೇಕಲ್ಲವೆ?

ಎರಡನೆಯ ಕೊರತೆಯು ಭಾಷೆಯದು. ಇದು ಮೊದಲನೆಯದಕ್ಕಿಂತಲೂ ಹೆಚ್ಚಿನದು. ಕೀರ್ತಿವರ್ಮನು ರಾಜಪುತ್ರನು, ಸಂಸ್ಕೃತದಲ್ಲಿ ಬರೆದಿದ್ದರೆ ಆಸೇತುಹಿಮಾಚಲ ಪಂಡಿತರು ಮೆಚ್ಚುತ್ತಿದ್ದರು. ಆದರೂ ಅವನು ಕನ್ನಡದಲ್ಲಿ ಬರೆದನು. ಇಂದು ನಂದಿನಗರದಲ್ಲಿ ಪಶುವೈದ್ಯದ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ರೈತರಿಗಾಗಿ ಕನ್ನಡದಲ್ಲಿ ಹೊತ್ತಗೆಗಳೂ ತರಬೇತಿಗಳೂ ಮೇಳಗಳೂ ಇಲ್ಲವೆಂದಲ್ಲ. ಅಧ್ಯಾಪಕರಲ್ಲಿ ಕೆಲವರು ತುಂಬ ಸೊಗಸಾಗಿ ಕನ್ನಡದಲ್ಲಿ ಬರೆಯುತ್ತಾರೆ. ಆದರೆ ಶಾಸ್ತ್ರವು ಒಂದು ಭಾಷೆಯಲ್ಲಿ, ಅದರ ತಿಳಿನೀರು ಮಾತ್ರ ಇನ್ನೊಂದು ಭಾಷೆಯಲ್ಲಿ ಎಂಬಂತಾಗಿದೆ. ಹಟ್ಟಿಯಲ್ಲಿ ಬೆಳೆದ ಹುಡುಗನಿಗೆ ಚಪ್ಪೆರೋಗ, ಗಳಲೆರೋಗ, ನೆರಡಿ, ಕೆಚ್ಚಲು ಬಾವು, ಕಂದು ಹಾಕುವ ಬೇನೆಗಳ ಹೆಸರುಗಳೆಲ್ಲ ಬಾಯಲ್ಲಿರುತ್ತವೆ. ಅವನು ಕಾಲೇಜಿಗೆ ಬಂದೊಡನೆ ಆ ಹೆಸರುಗಳನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಐದೂವರೆ ವರ್ಷದ ಮೇಲೆ ಹೊರಗೆ ಬಂದಾಗ ಅವು ಅಲ್ಲಿರುವುದಿಲ್ಲ. ಅವನ ತಾಯಿಯು ‘ಕರುವಿಗೆ ಏನಾಗೈತಪ್ಪಾ?’ ಎಂದು ಕೇಳಿದರೆ ಅವನು ತಡವರಿಸುತ್ತಾನೆ. ಶರಣರು ಉಪನಿಷತ್ತಿನ ವಿಷಯವನ್ನೇ ಕನ್ನಡಕ್ಕೆ ಇಳಿಸಿದರು. ಕೆಚ್ಚಲು ಬಾವಿನ ವಿಷಯವು ಅದಕ್ಕಿಂತ ಕಠಿಣವಾದುದೇನು?

ಈ ವಿಷಯದಲ್ಲಿ ಮಠಗಳಿಗೂ ಕೆಲಸವುಂಟು. ಸಿದ್ಧಗಂಗೆಯಲ್ಲಿ ಶಿವರಾತ್ರಿಯ ಸುತ್ತಿನಲ್ಲಿ ನಡೆಯುವ ದನಗಳ ಜಾತ್ರೆಯು ಪ್ರಸಿದ್ಧವಾದುದು. ಸುತ್ತೂರಿನಲ್ಲಿ ಶ್ರೀಮಠದ ವಿದ್ಯಾಪೀಠವೇ ಕೃಷಿ ವಿಜ್ಞಾನ ಕೇಂದ್ರವನ್ನು ನಡೆಸುತ್ತಿದೆ. ಜಾತ್ರೆಗೆ ದನ ಬರುವ ಕಡೆಗೆ ವೈದ್ಯನೂ ಬರುವುದು ಸುಲಭ. ಗೋಶಾಲೆಯನ್ನು ಕಟ್ಟಿಸಿ, ಪರ್ವದಿನಗಳಲ್ಲಿ ಹೂವೇರಿಸಿ, ಉಳಿದ ದಿನಗಳಲ್ಲಿ ಬರಿಯ ಹುಲ್ಲು ಹಾಕುವುದಾದರೆ ಅದು ಗೋಸೇವೆಯೆನಿಸದು. ಮಹಾತ್ಮಾ ಗಾಂಧಿಯವರು ೧೯೨೭ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗೆಂದು ಇದ್ದಾಗ ಅಲ್ಲಿಯ ಇಂಪೀರಿಯಲ್ ಡೇರಿಗೆ ಹೋಗಿ ಗೋಪಾಲನೆಯ ಪಾಠವನ್ನು ವಿದ್ಯಾರ್ಥಿಯಂತೆ ಕುಳಿತು ಕೇಳಿದರು. ಆಗ ಅವರಿಗೆ ೫೭ ವರ್ಷ. ಗೋರಕ್ಷಣೆಯನ್ನು ಕುರಿತು ದೇಶಕ್ಕೆಲ್ಲ ಉಪದೇಶಿಸುತ್ತಿದ್ದವರು. ಭಕ್ತಿಯಿದ್ದರೆ ಸಾಲದು, ಗೊತ್ತಿರಬೇಕು ಎಂದು ಅವರಿಗೆ ತೋರಿತು. ಗೋಶಾಲೆಯ ಅಧಿಕಾರಿಗಳು ಯಾರೇ ಇರಲಿ, ವರ್ಷಕ್ಕೊಮ್ಮೆ ಹತ್ತು ದಿನ ಹಾಗೆ ಹೋಗಿ ಕುಳಿತು ಬಂದರೆ ಅವರ ಘನತೆಗೆ ಕುಂದೇನೂ ಬಾರದು.

ಶಿಷ್ಯವರ್ಗದ ಒಕ್ಕಲಿಗರು ಕೂಡಲೆ ಮಾಡತಕ್ಕ ಕೆಲಸವೊಂದಿದೆ. ಗಳಲೆರೋಗವೂ ಚಪ್ಪೆರೋಗವೂ ಮಳೆಯೊಡನೆ ಬರುವಂಥವು. ಅವಕ್ಕೆ ಮುಂಗಾರಿಗೆ ಮೊದಲೇ ಲಸಿಕೆಯನ್ನು ಹಾಕಿಸತಕ್ಕದ್ದು. ಮೇಯುತ್ತಿದ್ದ ದನವು ಇದ್ದಕ್ಕಿದ್ದಂತೆ ಬಿದ್ದು ಸತ್ತು, ಮೂಗು ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಒಸರಿದರೆ ಅದು ನೆರಡಿಯೆಂದು ಶಂಕಿಸಬೇಕು. ಅದರ ಚರ್ಮವನ್ನು ಸುಲಿಯಬಾರದು, ಹೊಟ್ಟೆಯನ್ನು ಕೊಯ್ಯಬಾರದು. ಗಾಳಿ ತಗಲಿದೊಡನೆ ಆ ರೋಗದ ಬೀಜಗಳು ಗಟ್ಟಿಯಾದ ಕವಚವನ್ನು ತೊಟ್ಟು ಹತ್ತಾರು ವರ್ಷ ಆ ಮಣ್ಣಿನಲ್ಲಿಯೇ ಉಳಿಯುವವು. ಸುಲಿದವನಿಗೂ ರೋಗವು ತಗಲುವುದು. ಆಳವಾದ ಗುಂಡಿಯನ್ನು ತೋಡಿ, ಸುಣ್ಣವನ್ನು ಸುರಿದು, ಇಡೀ ದೇಹವನ್ನು ಹಾಗೆಯೇ ಹೂಳಿ, ಹತ್ತಿರದ ಪಶುವೈದ್ಯಶಾಲೆಗೆ ಆ ದಿನವೇ ತಿಳಿಸಬೇಕು. ಹೂಳಿದ ಜಾಗಕ್ಕೆ ಮುಳ್ಳುಬೇಲಿ ಹಾಕಿ, ಅಲ್ಲಿಯ ಹುಲ್ಲನ್ನು ಯಾವ ದನಕ್ಕೂ ಮೇಯಿಸದಂತೆ ಊರವರಿಗೆಲ್ಲ ಸಾರಬೇಕು.